ಕೂಸು-ಕುನ್ನಿ ಮಲಗ್ಯಾವೇನ್ರೆವಾ

“ಕೂಸು-ಕುನ್ನಿ ಮಲಗ್ಯಾವೇನ್ರೆವಾ?”

ಅಬ್ಬಿಗೇರಿಯ ಗಾಳೆವ್ವ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಅವಳ ಎದುರಿಗೆ ಇದ್ದದ್ದು ಒಂದು ಕಂಪ್ಯೂಟರು, ಅದರ ಪಕ್ಕದಲ್ಲಿ ಖಾಲಿ ಚಹಾಪುಡಿ ಡಬ್ಬಿಯೊಳಗೆ ನೆಟ್ಟಗೆ ನಿಲ್ಲಿಸಿದ ಮೈಕು. ಹೊರಗೆ ರೋಣದ ಬಸ್ ಸ್ಟ್ಯಾಂಡಿನ ತಗಡಿನ ಮೇಲೆ ಬೆಳಗಿನ ಬಿಸಿಲು ಕುಣಿಯುತ್ತಿತ್ತು. ನರಗುಂದದ ಬಸ್ಸು ಹೊರಟಿತ್ತು, ಕಂಡಕ್ಟರ್ ಕೂಗುತ್ತಿದ್ದ.

ಉತ್ತರ ಬರಲಿಲ್ಲ. ಗಾಳೆವ್ವ ತನ್ನ ಚರ್ಮವಾದ್ಯ ದಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಳು.

“ಹಾಡವಾ ಆಯಿ, ರೆಕಾರ್ಡ್ ಚಾಲೂ ಐತಿ,” ಅಂದಳು ನಾಹೀದ. ಇಂಟರ್ನೆಟ್ ಅಂಗಡಿ ಅವಳ ಅಣ್ಣ ಇಲಿಯಾಸನದು. ಬಿ.ಎ. ಓದುತ್ತಿದ್ದ ನಾಹೀದಳಿಗೆ ಈ ಹಾಡುಗಳನ್ನೆಲ್ಲ ಹಿಡಿದಿಡಬೇಕೆಂಬ ಹುಚ್ಚು ಹತ್ತಿತ್ತು.

“ಯಾರೂ ಹೂಂ ಅನ್ನಲಿಲ್ಲಲ್ಲ ತಂಗಿ.”

“ಇಲ್ಲಿ ಯಾರದಾರ ಅನ್ನಾಕ?”

“ಯಾರೂ ಇಲ್ಲಂದ್ರ ಹಾಡಾಕ ಬರಂಗಿಲ್ಲ. ಪದ್ಧತಿ ಐತಿ.”

ಪರದೆ ಹಾಕಿದ ಮೂಲೆಯೊಂದರಲ್ಲಿ ಕುಳಿತಿದ್ದ ಕಾಲೇಜು ಹುಡುಗನಿಗೆ ಇದೆಲ್ಲ ತನ್ನನ್ನೇ ಕುರಿತು ನಡೆಯುತ್ತಿದೆಯೆಂದು ಅನ್ನಿಸಿತು. ಅವನು ಮುಂದಿದ್ದದ್ದನ್ನು ಗಡಬಡಿಸಿ ಮುಚ್ಚಿ, ಪರದೆ ಸರಿಸಿ ತಲೆ ಹೊರಗೆ ಹಾಕಿ, “ನಾ ರಿಸಲ್ಟ್ ನೋಡಾಕತ್ತಿದ್ನಿರಿ,” ಅಂದ.

“ನಿನ್ನ ಯಾರ ಕೇಳ್ಯಾರೋ,” ಅಂದ ಇಲಿಯಾಸ.

ಕಡೆಗೆ ಚಹಾದ ಕೆಟಲಿ ಹಿಡಿದು ಒಳಗೆ ಬಂದ ಅವನ ತಾಯಿ ಬಾನುಬಿ ವಿಷಯ ಏನೆಂದು ಕೇಳಿದಳು. ಕೇಳಿ ನಕ್ಕು, ಬಾಗಿಲಲ್ಲೇ ನಿಂತು, ಹಳೆಯ ದನಿಯಲ್ಲಿ ಎಳೆದು ಅಂದಳು: “ಮಲಗ್ಯಾವವಾ. ಹಾಡು ನೀ.”

ದಪ್ಪಿನ ಮೇಲೆ ಬೆರಳು ಬಿತ್ತು.

ಗೀಗೀ ಮೇಳದ ಹಾಡು ಕೇಳಿ ಬೆಳೆದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ರಾತ್ರಿಯ ಮೊದಲ ಅರ್ಧ ದೇವರ ಪದ. ಶಿವನ ಮದುವೆ, ಭಕ್ತರ ಕತೆ, ನಡುನಡುವೆ ಒಡ್ಡುವ ಒಗಟು. ಆಮೇಲೆ ಹಾಡುವವಳು ದಪ್ಪನ್ನು ಎದೆಗೆ ಒತ್ತಿ ಹಿಡಿದು ಕತ್ತಲೆಯ ಕಡೆಗೆ ಮುಖ ಮಾಡಿ ಕೇಳುತ್ತಾಳೆ. ಕತ್ತಲೆಯೊಳಗಿಂದ ಯಾರೋ ಒಬ್ಬ ತಾಯಿ ಹೂಂ ಅಂದರೆ ಮಾತ್ರ ನಗಿ ಪದ ಸುರುವಾಗುತ್ತವೆ. ಅವು ಗಂಡ ಹೆಂಡಿರ ಪದ, ಬಳೆಗಾರನ ಪದ, ಊರ ಗೌಡನ ಮಾನ ಹೋದ ಪದ. ದೇವರ ಪದದಲ್ಲಿ ಒಡ್ಡಿದ ಒಗಟಿಗೆ ಬಿಡುಗಡೆ ಸಿಗುವುದು ಈ ನಗಿ ಪದದೊಳಗೇ. ಅರ್ಧ ಕೇಳಿ ಎದ್ದು ಹೋದವನು ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಾನೆ, ಬಿಚ್ಚಲಿಕ್ಕೆ ಬರುವುದಿಲ್ಲ.

ಅಂದು ಗಾಳೆವ್ವ ಎಲ್ಲವನ್ನೂ ಹಾಡಿದಳು. ಮರುದಿನವೂ ಬಂದಳು, ಅದರ ಮರುದಿನವೂ. ದೀಪಾವಳಿ ಮುಗಿಯುವ ಹೊತ್ತಿಗೆ ಅವಳ ಕೊರಳಲ್ಲಿ ಇದ್ದದ್ದೆಲ್ಲ ನಾಹೀದಳ ವೆಬ್ ಪುಟಕ್ಕೆ ಬಂದು ಸೇರಿತ್ತು. ಸೇರಿದ್ದೇ ಒಳ್ಳೆಯದಾಯಿತು. ಯಾಕೆಂದರೆ ಸಂಕ್ರಾಂತಿಗೆ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡು, ದವಾಖಾನೆಯಲ್ಲಿ ಕೊಯ್ದು ತೆಗೆದರು. ಜೀವಕ್ಕೆ ಧಕ್ಕೆ ಆಗಲಿಲ್ಲ. ಆದರೆ ಮನೆಗೆ ಬಂದ ಗಾಳೆವ್ವನ ದನಿ ಒಣ ಎಲೆಯ ಮೇಲೆ ಹಲ್ಲಿ ಓಡಿದ ಹಾಗೆ ಇತ್ತು. ಇನ್ನು ಹಾಡಬಾರದು ಅಂದರು ಡಾಕ್ಟರು. ಬಾರದು ಅನ್ನುವ ಮಾತೇ ಬೇಕಿರಲಿಲ್ಲ.

ಶಿಷ್ಯರು ಇರಲಿಲ್ಲ. ಜೋಡಿಯಾಗಿ ತುಂತುಣಿಯ ತಂತಿ ಮೀಟುತ್ತಿದ್ದವನು ಹಿಂದಿನ ವರ್ಷವೇ ಮಣ್ಣು ಸೇರಿದ್ದ. ಉಳಿದದ್ದು ಆ ಪುಟ ಒಂದೇ. ಗಾಳೆವ್ವ ಸಂತೆಯ ದಿನ ರೋಣಕ್ಕೆ ಬಂದು ಇಲಿಯಾಸನ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದಳು. “ಯಾರರೆ ಕೇಳಿದ್ರೇನು?” ಎಂದು ಪಿಸುಗುಡುತ್ತಿದ್ದಳು. “ಕೇಳ್ಯಾರಾಯಿ. ಶಾರ್ಜಾದಾಂವ ಒಬ್ಬಾಂವ ಮೂರು ಸಲ ಕೇಳ್ಯಾನ,” ಎಂದು ನಾಹೀದ ಹೇಳಿದರೆ ಆ ವಾರ ಅವಳಿಗೆ ರೊಟ್ಟಿ ರುಚಿಸುತ್ತಿತ್ತು.

ನಾಹೀದಳೂ ಪದ್ಧತಿ ಬಿಟ್ಟಿರಲಿಲ್ಲ. ದೇವರ ಪದ ಎಲ್ಲರಿಗೂ ತೆರೆದಿದ್ದವು. ನಗಿ ಪದದ ಮುಂದೆ ಮಾತ್ರ ಒಂದು ಬಾಗಿಲು ಇಟ್ಟು, ಅದರ ಮೇಲೆ ಬರೆದಿದ್ದಳು: ಕೂಸು-ಕುನ್ನಿ ಮಲಗ್ಯಾವೇನ್ರೆವಾ? ಕೆಳಗೆ ಎರಡು ಗುಂಡಿ. ಒಂದರ ಮೇಲೆ ‘ಮಲಗ್ಯಾವ’, ಇನ್ನೊಂದರ ಮೇಲೆ ‘ಇನ್ನಾ ಇಲ್ಲ’.

ನಿವೃತ್ತ ಹೆಡ್‌ಮಾಸ್ತರ ರಾಘಣ್ಣನವರ ಮೊಮ್ಮಗ ಸುಶ್ರುತ ಒತ್ತಿದ್ದು ‘ಮಲಗ್ಯಾವ’.

ರಾಘಣ್ಣನವರ ಮಗಳು ಆರತಿ ಗಜೇಂದ್ರಗಡದಿಂದ ಎರಡನೆಯ ಬಾಣಂತನಕ್ಕೆ ತವರಿಗೆ ಬಂದವಳು, ಮೊದಲ ಮಗನನ್ನೂ ಲ್ಯಾಪ್‌ಟಾಪನ್ನೂ ಜೊತೆಗೆ ತಂದಿದ್ದಳು. ಒಂದು ಬೆಳಿಗ್ಗೆ ರಾಘಣ್ಣನವರು ಸಂಧ್ಯಾವಂದನೆಗೆ ಕುಳಿತಿದ್ದಾಗ ಬಚ್ಚಲಿನಿಂದ ತಂಬಿಗೆಯ ತಾಳಕ್ಕೆ ಸರಿಯಾಗಿ ಹಾಡು ಕೇಳಿಸಿತು:

ಗೌಡನ ಧೋತರ ಗಿಡದ ಮ್ಯಾಲೈತಿ, ಗೌಡ ಎಲ್ಲಿ ಹೋದ್ನೋ
ಬಳೀ ಸಪ್ಪಳಕ ಹೆದರಿದ ಗೌಡ ಬರಿಮೈಲೆ ಬಂದ್ನೋ

ಆಚಮನದ ನೀರು ಅಂಗೈಯಲ್ಲೇ ಉಳಿಯಿತು.

“ಎಲ್ಲೆ ಕಲತಿ ಇದನ್ನ?” ಎಂದು ಮೊಮ್ಮಗನನ್ನು ತೊಯ್ದ ಮೈಯಲ್ಲೇ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

“ಕಂಪ್ಯೂಟರ್ನ್ಯಾಗ, ಅಜ್ಜಾ.”

“ಅದು ದೊಡ್ಡವರಿಗೆ ಅಂತ ಬರದಿರಲಿಲ್ಲೇನು?”

“ಕೂಸು ಮಲಗ್ಯದೇನು ಅಂತ ಕೇಳಿತ್ತು. ತಂಗಿ ಮಲಗಿತ್ತು. ಅದಕ್ಕ ಒತ್ತಿದೆ.” ಹುಡುಗ ಸ್ವಲ್ಪ ಯೋಚಿಸಿ ಸೇರಿಸಿದ, “ಕುನ್ನಿ ನಮ್ಮ ಮನ್ಯಾಗ ಇಲ್ಲ.”

ಸುಳ್ಳು ಹೇಳಿದ್ದರೆ ಹೊಡೆಯಬಹುದಿತ್ತು.

ರಾಘಣ್ಣನವರು ಊರ ಬಾಲಹಿತ ಸಮಿತಿಯ ಅಧ್ಯಕ್ಷರು. ಅವರಿಗೆ ಅದು ಬರೀ ಹೆಸರಿನ ಪದವಿ ಆಗಿರಲಿಲ್ಲ. ಇಡೀ ಜನ್ಮ ಹುಡುಗರ ನಡುವೆ ಕಳೆದವರು. ಪರದೆ ಹಾಕಿದ ಮೂಲೆಗಳಲ್ಲಿ ಏಳನೆಯ ಇಯತ್ತೆಯ ಹುಡುಗರು ಏನೇನು ನೋಡುತ್ತಾರೆಂಬುದು ತಿಳಿದಂದಿನಿಂದ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಅದೇ ಸುಮಾರಿಗೆ ದಿಲ್ಲಿಯಲ್ಲಿ ಇಂಟರ್ನೆಟ್ಟಿನ ಕಾಯ್ದೆಯನ್ನು ಬಿಗಿ ಮಾಡಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅವರು ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಸಮಿತಿಯ ಸಭೆಯನ್ನು ಇಲಿಯಾಸನ ಅಂಗಡಿಯಲ್ಲೇ ಕರೆದರು.

ಬಂದವರಲ್ಲಿ ಬಟ್ಟೆ ಅಂಗಡಿಯ ನಜೀರಸಾಬ ಇದ್ದರು. ಅಸೂಟಿಯಿಂದ ಗೊಬ್ಬರದ ವ್ಯಾಪಾರಿ ಯಮನೂರಪ್ಪ ಮೋಟಾರ್ ಸೈಕಲ್ ಮೇಲೆ ಬಂದಿದ್ದ. ರಾಘಣ್ಣನವರ ರಕ್ತದೊತ್ತಡ ಏರದಂತೆ ನೋಡಿಕೊಳ್ಳಲು ಅವರ ಹೆಂಡತಿ ಗಂಗಾಬಾಯಿಯೂ ಬಂದು, ಬಾನುಬಿಯ ಪಕ್ಕ ಹಿಂದಿನ ಬೆಂಚಿನ ಮೇಲೆ ಕುಳಿತಿದ್ದರು. ಗಾಳೆವ್ವ ನೆಲದ ಮೇಲೆ ಕುಳಿತಿದ್ದಳು.

“ಕಾಯ್ದೇದಾಗ ಜೈಲು ಅದ,” ಅಂದರು ರಾಘಣ್ಣನವರು ಕಾಗದ ತೆಗೆದು. “ಇಲಿಯಾಸ, ನೀ ನನ್ನ ಶಿಷ್ಯ. ನಿನಗ ಕೆಟ್ಟದಾಗಲಿ ಅಂತ ನಾ ಅನ್ನೂದಿಲ್ಲ. ಆ ಪದ ಎಲ್ಲಾ ಅಳಿಸಿ ಹಾಕು, ಮುಗೀತು.”

ಇಲಿಯಾಸನ ಮುಖ ಬೆಳ್ಳಗಾಗಿತ್ತು. “ಅಳಸ್ತೇನ್ರಿ ಸರ್. ಈಗಿಂದೀಗ ಅಳಸ್ತೇನಿ.”

“ಹಂಗ ಹ್ಯಾಂಗ ಅಳಸ್ತಿ?” ನಾಹೀದ ಎದ್ದು ನಿಂತಳು. “ಸರ್, ಇದು ಹೊಲಸು ಅಲ್ರಿ. ನಮ್ಮ ಅಮ್ಮಾ ಕೇಳಿದ್ದು, ಅವರ ಅಮ್ಮಾ ಕೇಳಿದ್ದು. ದೊಡ್ಡವರು ದೊಡ್ಡವರ ಪದ ಕೇಳಬಾರದಂತ ಯಾವ ಕಾಯ್ದೆ ಐತ್ರಿ?”

“ದೊಡ್ಡವರು ಕೇಳಬಾರದು ಅಂತ ನಾ ಎಲ್ಲೆ ಅಂದೆ? ಸಣ್ಣವರ ಕಿವಿಗೆ ಬೀಳ್ತದ ಅಂದೆ. ಔಷಧದ ಬಾಟ್ಲಿ ಕೂಸಿನ ಕೈಗೆ ಎಟಕೂ ಹಾಂಗ ಇಡ್ತಾರೇನು?”

ಗಾಳೆವ್ವ ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ. ಒಂದು ಕಾಲಕ್ಕೆ ಈ ಹೆಂಗಸಿನ ದನಿ ಅಬ್ಬಿಗೇರಿಯಲ್ಲಿ ಎದ್ದರೆ ಮುಂದಿನ ಊರ ನಾಯಿಗಳು ಬೊಗಳುತ್ತಿದ್ದವು. ಬಾನುಬಿ ಬಗ್ಗಿ ಅವಳ ಬಾಯಿಗೆ ಕಿವಿಗೊಟ್ಟು, ಕೇಳಿದ್ದನ್ನು ಸಭೆಗೆ ಹೇಳಿದಳು:

“ಬಾಟ್ಲಿ ಮ್ಯಾಲ ಇಡ್ರಿ, ಬ್ಯಾಡನ್ನಂಗಿಲ್ಲ. ಒಡದು ಚೆಲ್ಲೂದು ಯಾಕ ಅಂತ ಕೇಳಾಕತ್ತಾಳ್ರಿ. ಇನ್ನೊಂದ ಬಾಟ್ಲಿ ತುಂಬಿಕೊಡಾಕ ಆಕಿ ಹಂತ್ಯಾಕ ಏನೂ ಉಳದಿಲ್ಲಂತ.”

ರಾಘಣ್ಣನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಕೆಲಸ ಹಗುರಾಗುತ್ತಿತ್ತು.

“ಗಾಳೆವ್ವ, ನೀ ಕೇಳುವಾಗ ಅಲ್ಲೆ ಒಬ್ಬಾಕಿ ತಾಯಿ ಇರತಿದ್ದಳು, ಕೂಸು ಮಲಗ್ಯದೋ ಇಲ್ಲೋ ನೋಡಿ ಹೇಳತಿದ್ದಳು. ಇಲ್ಲೆ ತಾಯಿ ಎಲ್ಲಿದ್ದಾಳ? ಗುಂಡಿ ಅದ. ಗುಂಡಿ ಯಾರು ಬೇಕಾದವರು ಒತ್ತತಾರ.”

ಮತ್ತೆ ಬಾನುಬಿಯ ಕಿವಿ ಕೆಳಗೆ ಹೋಗಿ ಮೇಲೆ ಬಂತು. “ಹಂಗಾರ ಒಬ್ಬ ತಾಯಿನ್ನ ಕುಂದರಸ್ರಿ ಅಂತಾಳ.”

ಆಗ ಹಿಂದಿನ ಬೆಂಚಿನಿಂದ ಗಂಗಾಬಾಯಿ ಸೆರಗು ಸರಿಪಡಿಸಿಕೊಂಡು ಅಂದರು: “ನಾ ಕೂಡ್ತೀನಿ. ಮನ್ಯಾಗ ಫೋನು ಅದ.”

ಹೀಗೆ ನಿಯಮ ಹುಟ್ಟಿತು. ಪುಟದ ಮೇಲೆ ಮಾಸ್ತರರ ಮನೆಯ ಫೋನ್ ನಂಬರು ಹಾಕುವುದು. ನಗಿ ಪದ ಕೇಳಬೇಕೆನ್ನುವವರು ಫೋನು ಮಾಡುವುದು. ಗಂಗಾಬಾಯಿ ಪ್ರಶ್ನೆ ಕೇಳಿ, ದನಿ ದೊಡ್ಡವರದೇ ಎಂದು ಖಾತ್ರಿಯಾದರೆ ಆ ದಿನದ ಕೀಲಿ ಮಾತು ಹೇಳುವುದು. ಅದನ್ನು ಪುಟದಲ್ಲಿ ಟೈಪು ಮಾಡಿದರೆ ಬಾಗಿಲು ತೆರೆಯುವುದು.

“ಅಂಗಡ್ಯಾಗಿನ ಪರದೆ ಎಲ್ಲಾ ಇವತ್ತ ತಗೀಬೇಕು,” ಎಂದು ಯಮನೂರಪ್ಪ ಸೇರಿಸಿದ. “ಮತ್ತ ಯಾರ್ಯಾರು ಕೇಳಿದ್ರು ಅನ್ನೂದು ಸಮಿತಿಗೆ ಗೊತ್ತಾಗಬೇಕ್ರಿ. ತಿಂಗಳಿಗೊಮ್ಮೆ ಹೆಸರು ಓದಿ ಹೇಳಬೇಕು. ಲೆಕ್ಕ ಅಂದ್ರ ಲೆಕ್ಕ.”

“ಓದೂದೇನು,” ಅಂದರು ರಾಘಣ್ಣನವರು ಹೆಮ್ಮೆಯಿಂದ. “ಈಕಿಗೆ ಬರಕೊಳ್ಳೂದು ಬೇಕಿಲ್ಲ. ಪುರಾಣ ಕೇಳಿ ಕೇಳಿ, ಒಮ್ಮೆ ಕಿವಿಗೆ ಬಿದ್ರ ಮುಗೀತು.”

ಕೀಲಿ ಮಾತು ದಿನವೂ ಬದಲಾಗಬೇಕು ಎಂದಳು ನಾಹೀದ. ದಿನಕ್ಕೊಂದು ಹೊಸ ಮಾತು ಎಲ್ಲಿಂದ ತರುವುದು ಎಂದು ಗಂಗಾಬಾಯಿ ಯೋಚಿಸಿ, ಆ ದಿನ ಮನೆಯಲ್ಲಿ ಏನು ಅಡಿಗೆಯೋ ಅದನ್ನೇ ಬೆಳಿಗ್ಗೆ ನಾಹೀದಳಿಗೆ ತಿಳಿಸಿ ಇಡೋಣ ಅಂದರು. ನಾಹೀದ ತಡವರಿಸಿದಳು. “ಬಾಯಾರ, ನಿಮ್ಮ ಮೊಮ್ಮಗ ಅದನ್ನ ದಿನಾ ಉಣ್ಣತಾನಲ್ರಿ.”

“ಉಣ್ಣತಾನ. ಅದು ಕೀಲೀಕೈ ಅಂತ ಅವಂಗೇನು ಗೊತ್ತು?”

ಮೊದಲ ಕೆಲವು ದಿನ ಫೋನು ಬಾರಿಸಿದ್ದು ಹೊರಗಿನವರು. ಶಾರ್ಜಾದವನು ಮಾಡಿದ. ನರಗುಂದದ ಲಾರಿ ಡ್ರೈವರ್ ಒಬ್ಬ ಸೊಲ್ಲಾಪುರದಿಂದ ಮಾಡಿದ. “ಮಲಗ್ಯಾವ್ರೀ ಅಕ್ಕಾರ. ಅವು ನರಗುಂದದಾಗ ಮಲಗ್ಯಾವ, ನಾ ಇಲ್ಲಿ ಎದ್ದೇನಿ,” ಅಂದ. ಗಂಗಾಬಾಯಿ ಅವನಿಗೆ “ಹಾಗಲಕಾಯಿ ಗೊಜ್ಜು” ಎಂದು ಹೇಳಿ, ನಿಧಾನ ಗಾಡಿ ಹೊಡಿ ಎಂದೂ ಹೇಳಿದರು.

ಊರವರು ಒಬ್ಬರೂ ಮಾಡಲಿಲ್ಲ. ಹೇಗೆ ಮಾಡಿಯಾರು? ಅರ್ಧ ಊರಿಗೆ ಅಕ್ಷರ ಕಲಿಸಿದ ಮಾಸ್ತರರ ಮನೆ ಅದು. ಹೆಸರು ತಿಂಗಳಿಗೊಮ್ಮೆ ಸಭೆಯಲ್ಲಿ ಹೊರಬೀಳುವುದು. ಬೇಲಿ ಹಾಕಿದ್ದು ಕರುವಿಗೆ, ನಿಂತದ್ದು ಎತ್ತು.

ಸಂತೆಯ ದಿನ ಗಾಳೆವ್ವ ಕಟ್ಟೆಗೆ ಬಂದಳು. ನಾಹೀದ ಸುಳ್ಳು ಹೇಳಲಾರದೆ ಕಂಪ್ಯೂಟರಿನ ಧೂಳು ಒರೆಸತೊಡಗಿದಳು. ಮುದುಕಿ ಅಷ್ಟರಲ್ಲೇ ತಿಳಿದುಕೊಂಡು ಎದ್ದು, ನೇರ ಮಾಸ್ತರರ ಮನೆಗೆ ನಡೆದಳು.

ರಾಘಣ್ಣನವರು ಪೇಟೆಗೆ ಹೋಗಿದ್ದರು. ಗಂಗಾಬಾಯಿ ಪಡಸಾಲೆಯಲ್ಲಿ ಚಾಪೆ ಹಾಕಿದರು, ಬೆಲ್ಲ ನೀರು ಕೊಟ್ಟರು.

“ಬಾಯಾರ, ನೀವು ಮೇಳ ನೋಡೀರೇನು?” ಗಾಳೆವ್ವನ ಪಿಸುದನಿಗೆ ಗಂಗಾಬಾಯಿ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂಡಬೇಕಾಯಿತು.

“ನಮ್ಮನ್ನೆಲ್ಲಿ ಬಿಡತಿದ್ರು. ದಪ್ಪಿನ ಸಪ್ಪಳಾ ಅಷ್ಟ ಕೇಳಸ್ತಿತ್ತು.”

“ಅಲ್ಲಿ ಕಂದೀಲು ಎಲ್ಲಿ ಕಟ್ಟತಿದ್ರು ಗೊತ್ತೈತೇನ್ರಿ? ನಮ್ಮ ತಲಿ ಮ್ಯಾಲ. ಬೆಳಕ ನಮ್ಮ ಮಾರಿ ಮ್ಯಾಲ ಬೀಳತಿತ್ತು. ಕುಂತವರ ಮಾರಿ ಮ್ಯಾಲ ಒಂದ ಹನಿ ಬೆಳಕ ಇರತಿರಲಿಲ್ಲ. ಯಾಂವ ನಕ್ಕ, ಯಾಕಿ ಸೆರಗಿನ್ಯಾಗ ಮಾರಿ ಮುಚಗೊಂಡ್ಳು, ನಾ ಜಲ್ಮದಾಗ ನೋಡಿಲ್ಲ. ಹೂಂ ಅಂದಾಕಿ ಯಾರಂತ ನಾ ಒಮ್ಮೆ ಕೇಳಿಲ್ಲ.” ಅವಳು ನೀರು ಕುಡಿದು ಗಂಟಲು ತಣಿಸಿಕೊಂಡಳು. “ನೀವು ಕಂದೀಲ ತಂದು ಕೇಳವರ ಮಾರಿಗೆ ಹಿಡದೀರಿ. ಯಾರ ಬರತಾರ್ರಿ? ಹಾಡು ಅಳಸೂದು ಬ್ಯಾಡಾಗೇತಿ, ತಾನ ಸಾಯತೈತಿ.”

ಇಲ್ಲಿಯೂ ಗಂಗಾಬಾಯಿ ಹಿಡಿದದ್ದು ಗುಡಿಯಲ್ಲಿ ಪುರಾಣಕ್ಕೆ ಕುಳಿತಾಗಿನ ಪದ್ಧತಿ. ಕೇಳುವಾಗ ಕೇಳುವುದು. ಮಾತು ಆಮೇಲೆ ತಾನಾಗಿ ಹಣ್ಣಾಗಿ ಬೀಳುತ್ತದೆ.

“ಕೂಸು ಮಲಗಿದ್ದು ನೋಡೂದು ನನ್ನ ಕೆಲಸ,” ಅಂದರು ಕಡೆಗೆ. “ಎದ್ದವರು ಯಾರು ಅಂತ ನೋಡೂದು ಅಲ್ಲ. ಹೋಗಿ ಬಾರವ್ವ.”

ಮರುದಿನದಿಂದ ಫೋನು ಎತ್ತಿದ ಕೂಡಲೇ ಅವರು ಹೇಳುವ ಮೊದಲ ಮಾತು “ಹೆಸರು ಹೇಳಬ್ಯಾಡ್ರಿ” ಎಂದಾಯಿತು. ಬಾನುಬಿಗೆ ಈ ಸುದ್ದಿ ಮುಟ್ಟಿತು. ಬಾನುಬಿಗೆ ಮುಟ್ಟಿದ್ದು ನೀರಿನ ಟಾಕಿಯ ಹತ್ತಿರ ಹಂಚಿಹೋಯಿತು. ವಾರದೊಳಗೆ ಮಾಸ್ತರರ ಮನೆಯ ಫೋನು ಮಧ್ಯಾಹ್ನದ ಹೊತ್ತು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ರಾಘಣ್ಣನವರಿಗೆ ಚಹಾ ತಡವಾಯಿತು. ಕೆಲವರು ದನಿ ಬದಲಿಸಿ ಮಾತಾಡುತ್ತಿದ್ದರು, ಕೆಲವರು ಮೂಗು ಹಿಡಿದುಕೊಂಡು. ಗಂಗಾಬಾಯಿಯ ಕಿವಿಗೆ ಅದೆಲ್ಲ ಏನೂ ಅಲ್ಲ. ಹಲೋ ಅಂದರೆ ಯಾರ ಮನೆಯ ಮಗನೆಂದು ಗೊತ್ತಾಗುತ್ತಿತ್ತು. ನಜೀರಸಾಬರು ಕೆಮ್ಮಿನಲ್ಲೇ ಗೊತ್ತಾದರು. ಒಮ್ಮೆ ಒಬ್ಬ ಹುಡುಗ ಅಪ್ಪನ ದನಿ ತೆಗೆದು “ಮಲಗ್ಯಾವ್ರಿ” ಅಂದಾಗ, “ಹೋಂವರ್ಕ್ ಮುಗೀತೇನೋ?” ಎಂದು ಕೇಳಿದರು. ಅತ್ತ ಕಡೆಯಿಂದ “ಇನ್ನಾ ಇಲ್ರಿ” ಎಂದು ಉತ್ತರ ಬಂದು ಫೋನು ಬಿತ್ತು.

ಗಾಳೆವ್ವನಿಗೆ ಮತ್ತೆ ರೊಟ್ಟಿ ರುಚಿಸಿತು.

ಇದೊಂದೂ ತಿಳಿಯದ ರಾಘಣ್ಣನವರು, ತೆರೆದಿಟ್ಟ ದೇವರ ಪದಗಳನ್ನಾದರೂ ಪರೀಕ್ಷಿಸಿ ನೋಡುವುದು ಅಧ್ಯಕ್ಷನ ಧರ್ಮವೆಂದು ಒಂದು ಸಂಜೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತರು. ಪದ ಬಹಳ ಹಿಡಿಸಿತು. ಅದರ ಕೊನೆಯಲ್ಲಿ ಒಗಟು ಇತ್ತು:

ಕಾಲಿಲ್ಲದಾಂವ ಗಿಡವ ಏರಿದ, ಬಾಯಿಲ್ಲದಾಕಿ ಸಾರಿದಳೋ
ಬಲ್ಲವರಿದ್ದರ ಬಿಡಿಸಿ ಹೇಳ್ರಿ ಶಿವನ ಮುಂದ ಕುಂತವರೋ

ಅಲ್ಲಿಗೆ ದೇವರ ಪದ ಮುಗಿದು ಬಾಗಿಲು ಬಂತು. ರಾಘಣ್ಣನವರಿಗೆ ಬಾಗಿಲು ಬೇಕಿರಲಿಲ್ಲ. ಸಂಸ್ಕೃತ ಓದಿದ ತಲೆ, ತಾನೇ ಬಿಡಿಸಿತು. ಶನಿವಾರ ಹನುಮಪ್ಪನ ಗುಡಿಯಲ್ಲಿ ಪ್ರವಚನಕ್ಕೆ ಕುಳಿತಾಗ ಅದನ್ನೇ ಎತ್ತಿಕೊಂಡರು. ಕಾಲಿಲ್ಲದವನೆಂದರೆ ಜೀವಾತ್ಮ. ಗಿಡವೆಂದರೆ ಸಂಸಾರವೃಕ್ಷ. ಜೀವನು ಸಂಸಾರವೃಕ್ಷವನ್ನೇರಿ ಗಾಳಿಗೆ ತೂಗಾಡುತ್ತಾನೆ. ಬಾಯಿಲ್ಲದೆ ಸಾರುವವಳು ವೇದಮಾತೆ. ಜೀವನು ಬೆತ್ತಲಾಗಿ ಬಂದ, ಬೆತ್ತಲಾಗಿ ಹೋಗುವನೆಂದು ಆಕೆ ಸಾರುತ್ತಾಳೆ.

“ಬೆತ್ತಲಾಗಿ” ಅನ್ನುವಲ್ಲಿ ಗುಡಿಯ ಎಡಗಡೆಯಿಂದ ಒಂದು ಸದ್ದು ಬಂತು, ಕುದಿಯುವ ಕುಕ್ಕರಿನಿಂದ ಬರುವಂಥದ್ದು. ಅದು ಬಲಗಡೆಗೆ ಹೋಯಿತು. ಹೆಂಗಸರ ಸಾಲಿನಲ್ಲಿ ಸೆರಗುಗಳು ಒಂದೊಂದಾಗಿ ಬಾಯಿಗೆ ಏರಿದವು. ಪೂಜಾರಿ ಗರ್ಭಗುಡಿಯೊಳಗೆ ಹೋಗಿ ಕಾರಣವಿಲ್ಲದೆ ಗಂಟೆ ಬಾರಿಸಿದ. ಗುಡಿಯ ಮೈಕು ಕೇಳಿಸುವಷ್ಟು ದೂರದಲ್ಲಿದ್ದ ಬಟ್ಟೆ ಅಂಗಡಿಯಲ್ಲಿ ನಜೀರಸಾಬರು ಅಳೆಯುತ್ತಿದ್ದ ಕೋರಾ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಕೆಳಗೆ ಕುಳಿತುಬಿಟ್ಟರು.

ರಾಘಣ್ಣನವರು ಪ್ರವಚನ ಮುಗಿಸಿ ಮನೆಗೆ ಬಂದರು. ಊರಿಗೆಲ್ಲ ಉತ್ತರ ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ. ಎರಡು ದಿನ ತಡೆದರು. ಹೆಂಡತಿಯನ್ನು ಕೇಳುವಂತಿಲ್ಲ, ಅಧ್ಯಕ್ಷರು. ನಾಹೀದಳನ್ನು ಕೇಳುವಂತಿಲ್ಲ, ಗುರುಗಳು. ಮೂರನೆಯ ದಿನ ಮಧ್ಯಾಹ್ನ ಉಂಡು ಕೈ ತೊಳೆದು, ಹಲ್ಲಿನ ಪುಡಿ ತರುತ್ತೇನೆಂದು ಹೊರಬಿದ್ದು, ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯ ಡಬ್ಬಿ ಫೋನಿಗೆ ಒಂದು ರೂಪಾಯಿ ಹಾಕಿದರು. ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದರು. ತಮ್ಮ ಮಾತಿನ ಧಾಟಿಯನ್ನೂ ಬದಲಿಸಿದರು.

“ಹಲೋ, ನಾನ್ರಿ, ಗಜೇಂದ್ರಗಡದಿಂದ ಮಾತಾಡಾಕತ್ತೇನಿ. ನನ್ನ ಹೆಸರ...”

“ಹೆಸರು ಹೇಳಬ್ಯಾಡ್ರಿ,” ಅಂದರು ಅತ್ತಣಿಂದ ಗಂಗಾಬಾಯಿ. “ಕೂಸು-ಕುನ್ನಿ ಮಲಗ್ಯಾವೇನ್ರಿ?”

ಫೋನಿನ ಹಿಂದುಗಡೆ ಸುಶ್ರುತ ಗಟ್ಟಿಯಾಗಿ ಹದಿಮೂರರ ಮಗ್ಗಿ ಹೇಳುತ್ತಿದ್ದುದು ರಾಘಣ್ಣನವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಮಲಗ್ಯಾವ್ರಿ,” ಅಂದರು.

ಅತ್ತ ಮಗ್ಗಿ ನಿಂತಿತು. “ಹೋಗೋ, ಹಿತ್ತಲದಾಗ ಆಡು ಹೋಗು,” ಎಂಬ ಮಾತು ಕೇಳಿತು. ಆಮೇಲೆ ಗಂಗಾಬಾಯಿ ಹೇಳಿದರು: “ಇವತ್ತಿಂದು ಬದನಿಕಾಯಿ ಎಣ್ಣಿಗಾಯಿ.”

“ಆತ್ರಿ.”

“ಉಪ್ಪು ಸರಿ ಇತ್ತೇನು?”

“ಸ್ವಲ್ಪ ಕಡಿಮಿ ಇತ್ತು ನೋಡು,” ಅಂದುಬಿಟ್ಟು ರಾಘಣ್ಣನವರು ಫೋನು ಇಟ್ಟರು. ಇಟ್ಟು, ಕೈಯನ್ನು ಅದರ ಮೇಲಿಂದ ತೆಗೆಯದೆ ಹಾಗೇ ನಿಂತರು. ಪಾನ್ ಅಂಗಡಿಯವನು, “ಯಾಕ್ರಿ ಸರ್, ಕಟ್ ಆತೇನು?” ಎಂದು ಕೇಳಿದ.

ಆ ಸಂಜೆ ಆರತಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಲ್ಯಾಪ್‌ಟಾಪ್ ಇದ್ದ ಕೋಣೆಯಿಂದ ತಾನು ಹುಟ್ಟಿದಾಗಿನಿಂದ ಕೇಳದ ಸದ್ದೊಂದನ್ನು ಕೇಳಿದಳು. ಅಪ್ಪ ನಗುತ್ತಿದ್ದ. ಧೋತರಕ್ಕೆ ಕಾಲಿಲ್ಲ. ಬಳೆಗೆ ಬಾಯಿಲ್ಲ. ಉತ್ತರವನ್ನು ಮೊಮ್ಮಗ ಬಚ್ಚಲಲ್ಲೇ ಹಾಡಿ ತೋರಿಸಿದ್ದ.

ಊಟಕ್ಕೆ ಕುಳಿತಾಗ ಗಂಗಾಬಾಯಿ ಮಧ್ಯಾಹ್ನದ ಎಣ್ಣೆಗಾಯಿಯನ್ನೇ ಬಡಿಸಿ, ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮುಂದೆ ಹೋದರು.

ತಿಂಗಳು ತುಂಬಿತು. ಸಮಿತಿ ಮತ್ತೆ ಇಲಿಯಾಸನ ಅಂಗಡಿಯಲ್ಲಿ ಸೇರಿತು. ಪರದೆಗಳು ಹೋಗಿ ಅಂಗಡಿ ಬೋಳಾಗಿತ್ತು. ಸದಸ್ಯರು ಎಂದಿಲ್ಲದ ಹಾಗೆ ಬಾಗಿಲ ಬಳಿಯ ಕುರ್ಚಿಗಳಿಗೆ ಪೈಪೋಟಿ ನಡೆಸಿದರು. ನಜೀರಸಾಬರು ಬಂದಾಗಿನಿಂದ ಕೆಮ್ಮನ್ನು ನುಂಗುತ್ತಿದ್ದರು. ಗಾಳೆವ್ವ ಗೋಡೆಗೆ ಒರಗಿ ಕುಳಿತಿದ್ದಳು. ಇಂದು ಹೆಸರು ಹೊರಬಿದ್ದರೆ ನಾಳೆಯಿಂದ ಫೋನು ಬಡಿಯುವುದಿಲ್ಲ, ತನ್ನ ಪದ ಯಾರೂ ಬಾರದ ಕೋಣೆಯಲ್ಲಿ ಉಳಿಯುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ತೊಡೆಯ ಮೇಲೆ ದಪ್ಪಿರಲಿಲ್ಲ, ಬೆರಳು ಮಾತ್ರ ಆಡುತ್ತಿದ್ದವು.

“ಕೂಸುಗಳ ಕಡಿಂದ ಏನೂ ತಕರಾರು ಬಂದಿಲ್ಲ,” ಎಂದು ರಾಘಣ್ಣನವರು ಲಗುಬಗೆಯಿಂದ ಸುರು ಮಾಡಿದರು. “ಎಲ್ಲಾ ಚಲೋ ನಡದದ. ಸಭಾ ಮುಗಸೋಣಂತ.”

“ಹೆಸರು ಉಳದೈತ್ರಿ,” ಅಂದ ಯಮನೂರಪ್ಪ. ಅವನ ಅಂಗಡಿಯಲ್ಲಿ ಕಂಪ್ಯೂಟರು ಇರಲಿಲ್ಲ, ಹಾಡು ಕೇಳುವ ಚಟವೂ ಇರಲಿಲ್ಲ. ಇಡೀ ಕೋಣೆಯಲ್ಲಿ ಧೈರ್ಯವಾಗಿ ಕುಳಿತಿದ್ದವನು ಅವನೊಬ್ಬನೇ.

“ಅದನ್ನ ಮುಂದಿನ ತಿಂಗಳಾ ನೋಡೂಣು.”

“ಹಂಗ ಹ್ಯಾಂಗ ಬರತೈತ್ರಿ ಸರ್? ನಿಯಮ ನಾವ ಮಾಡಿದ್ದು. ಅಧ್ಯಕ್ಷರು ನೀವ ಕೇಳಬೇಕು.”

ಬೇರೆ ದಾರಿ ಇರಲಿಲ್ಲ. ರಾಘಣ್ಣನವರು ಎದ್ದು ನಿಂತರು. ಹೆಂಡತಿಯ ಕಡೆ ನೋಡದೆ, ಅವಳ ತಲೆಯ ಮೇಲಿನ ಕ್ಯಾಲೆಂಡರಿಗೆ ಹೇಳಿದಂತೆ ಅಂದರು: “ಗಂಗಾಬಾಯಿಯವರು ಈ ತಿಂಗಳು ಫೋನು ಮಾಡಿದವರ ಹೆಸರು ಸಭಾಕ್ಕ ಹೇಳಬೇಕು.”

ಗಂಗಾಬಾಯಿ ಬೆಂಚಿನಿಂದ ಎದ್ದರು. ಕೈ ಜೋಡಿಸಿದರು.

“ಸಣ್ಣ ದನಿ ಒಂದ ಬಂದಿತ್ತು, ವಾಪಸ್ ಕಳಿಸೀನಿ. ಉಳದದ್ದೆಲ್ಲಾ ದೊಡ್ಡವರ ದನಿ. ಒಬ್ಬರ ಹೆಸರು ಹೇಳಿದ್ರ ಎಲ್ಲಾರದೂ ಹೇಳಬೇಕಾಗ್ತದ. ಎಲ್ಲಾರದೂ ಹೇಳೋಣ ಅಂದ್ರ, ಅದರಾಗ ನಾ ಬಾಯಿಲೆ ಹೇಳಬಾರದ ಹೆಸರೂ ಇರ್ತಾವ.”

ಗಂಡನ ಹೆಸರನ್ನು ಹೆಂಗಸರು ಬಾಯಿಬಿಟ್ಟು ಹೇಳದ ಸೀಮೆ ಅದು. ಮೊದಲು ತಿಳಿದದ್ದು ಬಾನುಬಿಗೆ. ಅವಳು ಕೆಟಲಿಯನ್ನು ಕೆಳಗಿಟ್ಟಳು. ಗಾಳೆವ್ವನ ಬೆರಳು ನಿಂತವು. ಆಮೇಲೆ ಅವಳ ದನಿಯಿಲ್ಲದ ಗಂಟಲಿನಿಂದ ನಗು ಬರೀ ಗಾಳಿಯಾಗಿ ಹೊರಬಂದು ಹೆಗಲು ಕುಲುಕಿತು. ರಾಘಣ್ಣನವರು ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ಹುಡುಕತೊಡಗಿದರು.

“ಅದೇನ್ರಿ ಬಾಯಾರ, ಒಗಟ ಹೇಳಿದಂಗ ಹೇಳಾಕತ್ತೀರಿ,” ಅಂದ ಯಮನೂರಪ್ಪ. “ಸರ್, ಇನ್ನೊಮ್ಮೆ ಸರಿಯಾಗಿ ಕೇಳ್ರಿ. ಹೇಳ್ತಾರೋ ಇಲ್ಲೋ, ಒಂದ ಮಾತು.”

ರಾಘಣ್ಣನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಈ ಸಲ ಹೆಂಡತಿಯ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದರು: “ಹೇಳ್ತೀಯೇನು?”

“ಹೇಳೂದಿಲ್ಲ,” ಅಂದರು ಗಂಗಾಬಾಯಿ.